ಕಫರ್ ತೂತ ಯಾವ ಹೋಬಳಿ

ಬೇಲಿಯ ಹಲಗೆಯೊಂದು ಗಾಳಿಗೆ ಕಿತ್ತು ಬಿದ್ದ ದಿನ ಕೇಶವಮೂರ್ತಿಗೆ ಪಕ್ಕದ ಮನೆಯ ಹಿತ್ತಿಲಿನ ಬೆಂಡೆ ಸಾಲು ಕಂಡಿತು. ಸ್ಯಾನ್ ಡಿಯಾಗೋದ ಮೀರಾ ಮೆಸಾ ಬಡಾವಣೆಯಲ್ಲಿದ್ದ ಮಗಳ ಮನೆಗೆ ಅವನು ಬಂದು ಆಗ ಎಂಟು ತಿಂಗಳಾಗಿತ್ತು. ಅಷ್ಟು ದಿನವಾದರೂ ಪಕ್ಕದಲ್ಲಿ ಯಾರಿದ್ದಾರೆಂದು ಗೊತ್ತಿರಲಿಲ್ಲ. ಗ್ಯಾರೇಜಿನ ಬಾಗಿಲು ಏಳುತ್ತಿತ್ತು, ಕಾರು ಹೋಗುತ್ತಿತ್ತು, ಬಾಗಿಲು ಇಳಿಯುತ್ತಿತ್ತು, ಅಷ್ಟೆ. ಬೆಂಡೆ ಸಾಲು ಮಾತ್ರ ಕೈ ಬಲ್ಲವರು ಹಾಕಿದ್ದು. ಗಿಡದಿಂದ ಗಿಡಕ್ಕೆ ಎರಡು ಗೇಣು, ಬುಡಕ್ಕೆ ಏರಿಸಿದ ಮಣ್ಣು, ಸಾಲಿನ ಕೊನೆಗೆ ನೀರು ನಿಲ್ಲದ ಹಾಗೆ ಒಂದು ಸಣ್ಣ ಕಾಲುವೆ. ಬೆರಳಲ್ಲಿ ಎಳೆದಂತಿದ್ದ ಆ ಕಾಲುವೆಯನ್ನು ಅವನು ಸ್ವಲ್ಪ ಹೊತ್ತು ನೋಡುತ್ತ ನಿಂತ.

ಆ ಕಡೆಯಿಂದ ಕಪ್ಪು ಉಡುಪಿನ ಹೆಂಗಸೊಬ್ಬಳು ಸುತ್ತಿಗೆ ಹಿಡಿದು ಬಂದಳು. ಅರವತ್ತೈದರ ಆಸುಪಾಸು. ಅವನು ಹಲಗೆ ಎತ್ತಿ ಹಿಡಿದ, ಆಕೆಯೇ ಮೊಳೆ ಹೊಡೆದಳು.

"ಬಾಮಿಯಾ," ಎಂದಳು ಗಿಡ ತೋರಿಸಿ.

"ಬೆಂಡೆ. ನಮ್ಮಲ್ಲಿ ಬೆಂಡೆ," ಎಂದ ಕೇಶವಮೂರ್ತಿ.

ಪರಿಚಯವಾದದ್ದು ಹಾಗೆ. ಆಕೆಯ ಹೆಸರು ಶಮೀರಾಮ್. ಇವನ ಬಾಯಲ್ಲಿ ಎರಡೇ ದಿನಕ್ಕೆ ಅದು ಶಮೀರಮ್ಮ ಆಯಿತು. ಆಕೆ ತನ್ನ ಊರಿನ ರೀತಿಯಲ್ಲಿ ಅವನನ್ನು ಮಗಳ ಹೆಸರು ಹಿಡಿದು ‘ಅಬು ಚೈತನ್ಯಾ’ ಎಂದಳು, ಚೈತನ್ಯಾಳ ಅಪ್ಪ ಎಂದು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಹಾಗಾಗಿ ಇಬ್ಬರೂ ನಿಧಾನವಾಗಿ ಮಾತಾಡುತ್ತಿದ್ದರು, ಹಾಗಾಗಿಯೇ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಇರಾಕಿನ ಉತ್ತರದಲ್ಲಿ, ನಿನೆವೆಯ ಬಯಲಿನಲ್ಲಿ, ಕಫರ್ ತೂತ ಎಂಬ ಹಳ್ಳಿ ಆಕೆಯದು. ಗೋಧಿ, ಬಾರ್ಲಿ, ಮಸೂರಬೇಳೆ ಬೆಳೆಯುವ ಕ್ರೈಸ್ತರ ಹಳ್ಳಿ. 2014ರಲ್ಲಿ ಬಂದೂಕಿನವರು ಬರುತ್ತಿದ್ದಾರೆಂದು ಕೇಳಿ ಊರಿಗೆ ಊರೇ ಒಂದು ದಿನದಲ್ಲಿ ಎದ್ದು ಹೊರಟಿತ್ತು. ಆಕೆ ನರ್ಸ್ ಆಗಿದ್ದ ಮಗಳು ರೀಟಾಳ ಜೊತೆ ಸ್ಯಾನ್ ಡಿಯಾಗೋ ತಲುಪಿದಳು. ಅಣ್ಣ ಹಿಕ್ಮತ್ ಹೆಂಡತಿಯ ಜೊತೆ ಜೋರ್ಡಾನಿನ ಅಮ್ಮಾನ್‌ನಲ್ಲಿ ಒಂದು ಕೋಣೆ ಹಿಡಿದು ಉಳಿದ. ಅವನು ಬರುವುದನ್ನು ಕಾಯುವುದೇ ಶಮೀರಮ್ಮನ ಕೆಲಸ. ಉಳಿದದ್ದೆಲ್ಲ, ಬೆಂಡೆಯೂ ಸೇರಿ, ಕೈ ಸುಮ್ಮನಿರಬಾರದೆಂದು.

2022ರ ಮಾರ್ಚಿನಲ್ಲಿ ಆಕೆ ಒಂದು ಕಾಗದದ ಕಟ್ಟು ಹಿಡಿದು ಬಂದಳು. ಅಣ್ಣನನ್ನು ಕರೆಸಿಕೊಳ್ಳುವ ಅರ್ಜಿ. ಅವನು ಯಾರು, ಎಲ್ಲಿ ಹುಟ್ಟಿದವನು, ತನಗೆ ಏನಾಗಬೇಕು ಎಂದು ತಂಗಿ ಇಲ್ಲಿಂದ ಬರೆದು ರುಜು ಹಾಕಬೇಕು.

"ರೀಟಾ ಬರೆದರೆ ಕಾರು ಓಡಿಸಿದ ಹಾಗೆ ಅವಸರದಲ್ಲಿ ಬರೀತಾಳೆ. ನೀವು ಆಫೀಸಿನ ಮನುಷ್ಯ. ನೀವು ಬರೆಯಿರಿ," ಎಂದಳು.

ಕೇಶವಮೂರ್ತಿ ಕನ್ನಡಕ ಹಾಕಿಕೊಂಡು ಅಡಿಗೆಮನೆಯ ಮೇಜಿನ ಮುಂದೆ ಕೂತ. ಮೂವತ್ತಾರು ವರ್ಷ ಕಂದಾಯ ಇಲಾಖೆಯಲ್ಲಿದ್ದು ರೆವಿನ್ಯೂ ಇನ್‌ಸ್ಪೆಕ್ಟರಾಗಿ ನಿವೃತ್ತನಾದವನು. ಈ ದೇಶದಲ್ಲಿ ಅವನ ಕೈಗೆ ಕೆಲಸವೆಂದು ಬಂದ ಮೊದಲ ಕಾಗದ ಅದು. ಹುಟ್ಟಿದ ಸ್ಥಳದ ಜಾಗದಲ್ಲಿ ನಾಲ್ಕು ಗೆರೆಗಳಿದ್ದವು: ಹಳ್ಳಿ, ನಾಹಿಯಾ, ಖದಾ, ಮುಹಾಫಜಾ.

"ಇವೆಲ್ಲ ಏನು?"

"ಮುಹಾಫಜಾ ದೊಡ್ಡದು. ನಿನೆವೆ. ಅದರೊಳಗೆ ಖದಾ. ಖದಾದೊಳಗೆ ನಾಹಿಯಾ. ನಾಹಿಯಾದೊಳಗೆ ಹಳ್ಳಿಗಳು."

"ಜಿಲ್ಲೆ, ತಾಲೂಕು, ಹೋಬಳಿ!" ಕೇಶವಮೂರ್ತಿಯ ಪೆನ್ನು ನಿಂತಿತು. "ಖದಾಕ್ಕೆ ಯಾರು ದೊಡ್ಡವರು?"

"ಖಾಯಿಮ್ಮಖಾಮ್."

"ನಮ್ಮಲ್ಲಿ ತಹಸೀಲ್ದಾರ್. ನಾಹಿಯಾಕ್ಕೆ?"

"ಮುದೀರ್. ಅವನಿಗಿಂತ ಮೊದಲು ಊರಿನ ಮುಖ್ತಾರ್. ಮುಖ್ತಾರ್ ಮೊಹರು ಒತ್ತದಿದ್ದರೆ ಮುದೀರ್ ತಲೆ ಎತ್ತಿ ನೋಡಲ್ಲ."

"ನೋಡಲ್ಲ, ನೋಡಲ್ಲ," ಎಂದು ಅವನು ನಕ್ಕ. ಹೋಗದ ದೇಶದ ಕಚೇರಿಯೊಂದರ ವರಾಂಡ ಅವನಿಗೆ ಕಂಡಂತಾಯಿತು. ಬೆಂಚು, ನೀರಿನ ಮಡಕೆ, ಊಟಕ್ಕೆ ಹೋದ ಗುಮಾಸ್ತನ ಖಾಲಿ ಕುರ್ಚಿ. ಖದಾದ ಮುಖ್ಯ ಊರಿರುವ ನಾಹಿಯಾಕ್ಕೆ ಬೇರೆ ಹೆಸರಿಲ್ಲ, ಬರೀ ಮರ್ಕಜ್ ಎನ್ನುತ್ತಾರೆ ಎಂದು ಆಕೆ ಹೇಳಿದಾಗ ಅವನು ಮೇಜು ಕುಟ್ಟಿ "ಕಸಬಾ ಹೋಬಳಿ!" ಎಂದು ಕೂಗಿದ. ತಾರೀಖು, ನಕಲು, ದಫ್ತರು ಎಂಬ ಮಾತುಗಳು ಆಕೆಗೆ ಹೇಳದೆಯೇ ಗೊತ್ತಿದ್ದವು. ಮಹಜರು ಎಂದಾಗ ಮಾತ್ರ ಆಕೆಯ ಮುಖ ಗಂಭೀರವಾಯಿತು, ಅವರಲ್ಲಿ ಅದು ಪೊಲೀಸರು ಬರೆಯುವಂಥದು.

ಅರ್ಜಿ ಅವತ್ತು ಮುಗಿಯಲಿಲ್ಲ. ಕೇಶವಮೂರ್ತಿ ಅದನ್ನು ಒಂದು ವಾರ ಇಟ್ಟುಕೊಂಡ. ಮೊಮ್ಮಗಳು ಧೃತಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಇರಾಕಿನ ಜಿಲ್ಲೆ, ತಾಲೂಕು, ಹೋಬಳಿಗಳ ಪಟ್ಟಿ ಹುಡುಕಿ ಲೈಬ್ರರಿಯಲ್ಲಿ ಪ್ರಿಂಟ್ ಹಾಕಿಸಿದ. ಕ್ಯಾಲೆಂಡರಿನ ಹಿಂಬದಿಗೆ ಸ್ಕೇಲು ಹಿಡಿದು ಮನೆ ಗೆರೆ ಹಾಕಿ, ಎಡಕ್ಕೆ ಅವರ ಹೆಸರು, ಬಲಕ್ಕೆ ನಮ್ಮ ಹೆಸರು ಬರೆದು ರೂಮಿನ ಗೋಡೆಗೆ ಅಂಟಿಸಿದ.

"ಇಲ್ಲಿಗೆ ಬಂದರೂ ಹೋಬಳಿ ಬಿಡಲಿಲ್ಲವಲ್ಲ ನೀವು," ಎಂದಳು ಹೆಂಡತಿ ಇಂದಿರಾ. "ನಾಳೆ ಇರಾಕಿಗೆ ಜಮಾಬಂದಿಗೆ ಹೋಗ್ತೀರೇನೋ. ಬುತ್ತಿ ಕಟ್ಟಿಕೊಡಲಾ?"

"ತಾತಾ, ಈಸ್ ದಟ್ ಯುವರ್ ಹೋಮ್‌ವರ್ಕ್?" ಎಂದಳು ಧೃತಿ.

ಪಟ್ಟಿಯಲ್ಲಿ ಒಂದು ತೊಡಕು ಸಿಕ್ಕಿತು. ಕಫರ್ ತೂತ ಮರ್ಜಾನ್ ನಾಹಿಯಾಕ್ಕೆ ಸೇರಿದ್ದು ಎಂದು ಶಮೀರಮ್ಮ ಹೇಳಿದ್ದಳು. ಅರ್ಜಿಗೆ ಪೆನ್ಸಿಲಿನಲ್ಲಿ ಹಾಗೇ ಬರೆದಿದ್ದ. ಪಟ್ಟಿಯಲ್ಲಿ ಅದು ಐನ್ ದಲ್ವಾ ಎಂಬ ನಾಹಿಯಾದಲ್ಲಿತ್ತು. ಹುಡುಕಿ ನೋಡಿದರೆ, ಐನ್ ದಲ್ವಾ ಹೊಸದು. ಮರ್ಜಾನ್‌ನಿಂದ ಹನ್ನೊಂದು ಹಳ್ಳಿ ತೆಗೆದು ಮಾಡಿದ್ದು.

ಅವನಿಗೆ ನಗು ಬಂತು. ಎಲ್ಲ ಕಡೆಯ ಹಳ್ಳಿಯವರೂ ಒಂದೇ.

ಸರ್ವಿಸಿನಲ್ಲಿ ಕೇಶವಮೂರ್ತಿಗೆ ಜನರನ್ನು ಅಲೆಸದವನು ಎಂಬ ಹೆಸರಿತ್ತು. ಬಯಲುಸೀಮೆಯ ನಾಡಕಚೇರಿಯೊಂದರಲ್ಲಿದ್ದಾಗ ಅಲ್ಲಿನ ಹೋಬಳಿಯನ್ನು ಒಡೆದು ಎರಡು ಮಾಡಿದರು. ವರ್ಷಗಟ್ಟಲೆ ಜನ ಹಳೆಯ ಹೋಬಳಿಯ ಹೆಸರನ್ನೇ ಬರೆಸಿಕೊಂಡು ಬರುತ್ತಿದ್ದರು. ಬೇರೆಯವರು ‘ಹೋಬಳಿ ತಿದ್ದಿ ಮರುಸಲ್ಲಿಸಿ’ ಎಂದು ಬರೆದು ಹಿಂದಕ್ಕೆ ಕೊಡುತ್ತಿದ್ದರು. ಬಸ್ಸು ಹಿಡಿದು ಬಂದ ಮುದುಕಿ ಮತ್ತೆ ಬಸ್ಸು ಹಿಡಿದು ಹೋಗಿ ಮತ್ತೆ ಬರಬೇಕು. ಕೇಶವಮೂರ್ತಿ ಹಾಗೆ ಮಾಡಿದವನಲ್ಲ. ಹಳೆಯದಕ್ಕೆ ಗೆರೆ ಎಳೆದು, ಮೇಲೆ ಹೊಸದನ್ನು ಬರೆದು, ಕಾಗದವನ್ನು ಮುಂದಕ್ಕೆ ತಳ್ಳುತ್ತಿದ್ದ. ಅರ್ಜಿದಾರರಿಗೆ ಹೇಳುತ್ತಲೂ ಇರಲಿಲ್ಲ. ಹೇಳಿದರೆ ಗಾಬರಿ ಬೀಳುತ್ತಾರೆ, ಹತ್ತು ಪ್ರಶ್ನೆ ಕೇಳುತ್ತಾರೆ, ಹಿಂದಿನ ಸಾಲು ಬೆಳೆಯುತ್ತದೆ.

ಪೆನ್ಸಿಲಿನ ಮರ್ಜಾನ್ ಅನ್ನು ರಬ್ಬರಿನಿಂದ ಒರೆಸಿದ. ನಾಲ್ಕು ಕಡೆ ಆ ಗೆರೆ ಬರುತ್ತಿತ್ತು. ನಾಲ್ಕು ಕಡೆಯೂ ಕಪ್ಪು ಶಾಯಿಯಲ್ಲಿ, ಬಿಡಿ ಬಿಡಿ ದಪ್ಪ ಅಕ್ಷರದಲ್ಲಿ, ಐನ್ ದಲ್ವಾ ಎಂದು ಬರೆದ. ಬರೆದ ಮೇಲೆ ಹಾಳೆಯನ್ನು ತುಸು ದೂರ ಹಿಡಿದು ನೋಡಿದ. ಚೆನ್ನಾಗಿ ಕಾಣುತ್ತಿತ್ತು.

ಕೊನೆಯ ಪುಟದಲ್ಲಿ ಅರ್ಜಿ ತುಂಬಿಕೊಟ್ಟವರ ಹೆಸರು, ವಿಳಾಸ, ರುಜುವಿಗೆ ಒಂದು ಚೌಕವಿತ್ತು. ಅವತ್ತು ಸಂಜೆ ಕಾರ್ಲ್ಸ್‌ಬಾಡಿನ ಆಫೀಸಿನಿಂದ ಬಂದ ಚೈತನ್ಯಾ ಅದನ್ನು ನೋಡಿ ನಿಂತಳು.

"ಅಪ್ಪಾ, ನಿಮ್ಮ ಗ್ರೀನ್ ಕಾರ್ಡೇ ಇನ್ನೂ ಪೆಂಡಿಂಗ್ ಇದೆ. ಬೇರೆಯವರ ಇಮಿಗ್ರೇಷನ್ ಪೇಪರಲ್ಲಿ ನಿಮ್ಮ ಹೆಸರು ಯಾಕೆ? ಹೆಲ್ಪ್ ಮಾಡಿ, ಬೇಡ ಅನ್ನಲ್ಲ. ಸೈನ್ ಮಾತ್ರ ಮಾಡ್ಬೇಡಿ."

ಮರುದಿನ ಅವನು ಶಮೀರಮ್ಮನಿಗೆ ಅದನ್ನು ಹೇಳಿದ. "ನನ್ನ ಹೆಸರು ಬೇಡ. ನನ್ನದೂ ಕಾಗದ ನಡೀತಿದೆ."

"ಬೇಡ ಅಂದರೆ ಬೇಡ, ಅಬು ಚೈತನ್ಯಾ," ಎಂದು ಆಕೆ ಅವನು ಬೆರಳು ತೋರಿಸಿದ ಕಡೆಯೆಲ್ಲ ರುಜು ಹಾಕಿದಳು. ಓದಲಿಲ್ಲ. ಓದಬೇಕೆಂದು ಅವನೂ ಹೇಳಲಿಲ್ಲ. ಸಂಜೆ ಒಂದು ತಟ್ಟೆ ತುಂಬ ಖರ್ಜೂರ ತುಂಬಿದ ಬಿಸ್ಕತ್ತು ಕಳಿಸಿಕೊಟ್ಟಳು.

ಒಂದೂವರೆ ವರ್ಷ ಕಳೆಯಿತು. ನಡುವೆ ಕೇಶವಮೂರ್ತಿ, ಇಂದಿರಾ ಇಬ್ಬರ ಗ್ರೀನ್ ಕಾರ್ಡೂ ಬಂತು. 2023ರ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ, ಅವನು ಮೆಂತ್ಯದ ಮಡಿಗೆ ನೀರು ಹಾಕುತ್ತಿದ್ದಾಗ, ಶಮೀರಮ್ಮ ಬೇಲಿಯ ಆಚೆಯಿಂದ ಹಲಗೆ ಬಡಿದಳು.

"ನನ್ನಣ್ಣ ಕತ್ತೆ," ಎಂದಳು. ಕಣ್ಣು ಕೆಂಪಾಗಿತ್ತು. "ಎಪ್ಪತ್ತೊಂದು ವರ್ಷದ ಕತ್ತೆ. ಒಂಬತ್ತು ವರ್ಷ ಕಾದು ಸಂದರ್ಶನಕ್ಕೆ ಒಳಗೆ ಹೋದ. ಹುಟ್ಟಿದ ನಾಹಿಯಾ ಯಾವುದು ಅಂತ ಆಫೀಸರ್ ಕೇಳಿದ್ದಾನೆ. ಇವನು ಏನೋ ಒಂದು ಹೇಳಿದ್ದಾನೆ, ಏನಂದೆ ಅಂತ ಕೇಳಿದರೆ ನನಗೆ ಮರೆವು ಅಂತಾನೆ. ನಿನ್ನ ತಂಗಿ ಬರೆದದ್ದು ಬೇರೆ ಇದೆಯಲ್ಲ ಅಂದರೆ ತಬ್ಬಿಬ್ಬಾಗಿದ್ದಾನೆ. ಅಣ್ಣ ತಂಗಿ ಹುಟ್ಟಿದ ಊರನ್ನೇ ಬೇರೆ ಬೇರೆ ಹೇಳಿದರೆ ನೀವು ಅಣ್ಣ ತಂಗಿ ಹೌದೋ ಅಲ್ಲವೋ ನೋಡಬೇಕು ಅಂತ ಫೈಲು ಎತ್ತಿಟ್ಟರಂತೆ. ಮರ್ಜಾನ್ ಅನ್ನೋಕೆ ಬಾಯಿ ಬರಲಿಲ್ಲವಾ ಅವನಿಗೆ? ಮರ್ಜಾನ್! ನಮ್ಮ ಹಸುವಿಗೂ ಗೊತ್ತಿತ್ತು!"

ಪೈಪಿನ ನೀರು ಒಂದೇ ಕಡೆ ಬಿದ್ದು ಮೆಂತ್ಯದ ಬುಡ ಕಿತ್ತುಬರುತ್ತಿತ್ತು. ಕೇಶವಮೂರ್ತಿಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಹಿಕ್ಮತ್ ಮರ್ಜಾನ್ ಎಂದೇ ಹೇಳಿದ್ದಾನೆ. ಬೇರೆ ಇದ್ದದ್ದು ಕಾಗದದಲ್ಲಿ. ಹೇಳಬೇಕಾದ ಮಾತು ಒಂದು. ಬಾಯಿಂದ ಹೊರಬಿದ್ದದ್ದು ಇನ್ನೊಂದು.

"ಹೋಗ್ಲಿ ಬಿಡಿ ಶಮೀರಮ್ಮ. ವಯಸ್ಸಾಗಿದೆ ಅವರಿಗೆ. ಮರೆತಿರ್ತಾರೆ."

ಆಕೆ ಮೂಗು ಒರೆಸಿಕೊಂಡು ಹೌದು ಎಂದು ತಲೆಯಾಡಿಸಿದಳು.

ಒಳಗೆ ಬಂದು ಕಪಾಟಿನಿಂದ ಅರ್ಜಿಯ ನಕಲು ತೆಗೆದ. ಎಲ್ಲ ಕಾಗದಕ್ಕೂ ಒಂದು ನಕಲು ಇಟ್ಟುಕೊಳ್ಳುವುದು ಅವನ ಅಭ್ಯಾಸ. ನಾಲ್ಕು ಕಡೆ, ಅವನ ಕೈಬರಹದಲ್ಲಿ, ಐನ್ ದಲ್ವಾ. ಅರ್ಜಿಯಲ್ಲಿ ಕೇಳಿದ್ದು ಹುಟ್ಟಿದ ಸ್ಥಳ. ಹಿಕ್ಮತ್ ಹುಟ್ಟಿದಾಗ ಐನ್ ದಲ್ವಾ ಎಂಬ ನಾಹಿಯಾವೇ ಇರಲಿಲ್ಲ. ಅವನ ಗುರುತಿನ ಕಾಗದ, ರಿಜಿಸ್ಟರಿನ ಪುಟ, ಎಲ್ಲ ಮರ್ಜಾನ್ ದಫ್ತರಿನವು. ಇಷ್ಟು ತಿಳಿಯಲು ರೆವಿನ್ಯೂ ಇನ್‌ಸ್ಪೆಕ್ಟರೇ ಬೇಕಾಗಿರಲಿಲ್ಲ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಬೇಲಿ ಹತ್ತು ಹೆಜ್ಜೆ ದೂರದಲ್ಲಿತ್ತು.

ಆಮೇಲೆ ಇನ್ನೊಂದು ಯೋಚನೆ ಬಂತು. ಅದು ಬಾರದಿದ್ದರೆ ಚೆನ್ನಾಗಿತ್ತು. ನಾಡಕಚೇರಿಯಲ್ಲಿ ಎಷ್ಟು ಕಾಗದ ಹೀಗೆ ತಿದ್ದಿ ಮುಂದೆ ತಳ್ಳಿದ್ದ? ಎಲ್ಲ ಸರಿಯಾಗಿಯೇ ಹೋಗಿದ್ದವೆಂದು ಅಷ್ಟು ವರ್ಷ ನಂಬಿದ್ದ, ಯಾರೂ ತಿರುಗಿ ಬಂದು ಕೇಳಿರಲಿಲ್ಲವೆಂದು. ಅಲ್ಲಿಂದಾಚೆ ಯಾವ ಟೇಬಲ್ಲಿನಲ್ಲಿ ಯಾವ ಮುದುಕಿಯ ಅರ್ಜಿ ಎತ್ತಿಟ್ಟರೋ, ಅವಳು ಯಾರನ್ನು ಬಂದು ಕೇಳುತ್ತಿದ್ದಳು? ಅವಳು ಬರೆಸಿದ್ದು ಬೇರೆ, ಕಾಗದದಲ್ಲಿದ್ದದ್ದು ಬೇರೆ ಎಂದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತು? ತನಗೇ ಮರೆವು ಎಂದುಕೊಂಡಿರುತ್ತಾಳೆ.

ಗೋಡೆಯ ಪಟ್ಟಿಯನ್ನು ಕಿತ್ತು ಮಡಿಸಿ ಕಪಾಟಿಗೆ ಹಾಕಿದ. ಇಂದಿರಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಹೇಳಿದ.

ಅವಳು ಒಳಗೆ ಬಂದು ಮಂಚದ ಅಂಚಿಗೆ ಕೂತಳು. "ನೀವು ಯಾವತ್ತು ಯಾರನ್ನ ಕೇಳಿ ಮಾಡಿದೀರ? ಸಾರಿಗೆ ಉಪ್ಪು ಕಮ್ಮಿ ಅನ್ನಿಸಿದ್ರೂ ನನ್ನ ಕೇಳಲ್ಲ, ಎದ್ದು ಹೋಗಿ ಪಾತ್ರೆಗೇ ಸುರೀತೀರ."

"ಈಗೇನು ಮಾಡಲಿ ಹೇಳು."

"ಬೇಲಿ ಹತ್ರ ಹೋಗಿ ಹೇಳಿ. ಈಗಲೇ."

"ನಾಳೆ ಹೇಳ್ತೀನಿ."

ಚೈತನ್ಯಾ ಅದಕ್ಕೆ ಒಪ್ಪಲಿಲ್ಲ. "ಅವರಾಗೇ ಕೇಳಿದ್ರೆ ಹೇಳಿ. ನೀವಾಗೇ ಹೋಗಿ ಹೇಳೋದೇನಿಲ್ಲ. ಅವರ ಕೇಸಿಗೆ ಲಾಯರ್ ಇದಾರಲ್ಲ, ಸರಿ ಮಾಡ್ತಾರೆ." ಮಗಳ ಮಾತು ಹಿತವಾಗಿತ್ತು. ಕೇಶವಮೂರ್ತಿ ಅದನ್ನು ಹಿಡಿದುಕೊಂಡ. ಬೇಲಿಯ ಕಡೆ ಹೋಗುವುದು ಕಡಿಮೆ ಮಾಡಿದ. ಮೆಂತ್ಯ ಒಣಗಿತು. ಶಮೀರಮ್ಮ ಅವನಿಗೆ ಹುಷಾರಿಲ್ಲವೆಂದು ತಿಳಿದು ಎರಡು ಸಲ ಸೂಪು ಕಳಿಸಿದಳು. ಅದನ್ನು ಅವನು ಕುಡಿಯಲಾರದೆ ಕುಡಿದ. ಪ್ರತಿ ಭಾನುವಾರ ಆಕೆ ಹಿತ್ತಿಲಲ್ಲಿ ಕೂತು ಅಮ್ಮಾನ್‌ಗೆ ಫೋನ್ ಹಚ್ಚಿ ಅಣ್ಣನನ್ನು ಬೈಯುವುದು ಕೇಳಿಸುತ್ತಿತ್ತು. ಭಾಷೆ ತಿಳಿಯುತ್ತಿರಲಿಲ್ಲ. ಮರ್ಜಾನ್ ಎಂಬ ಮಾತು ಮಾತ್ರ ಬೇಲಿ ದಾಟಿ ಬರುತ್ತಿತ್ತು.

ಫೆಬ್ರವರಿಯಲ್ಲಿ, ಹಿಕ್ಮತ್‌ನ ಕೇಸು ನೋಡುತ್ತಿದ್ದ ಲಾಸ್ ಏಂಜಲೀಸಿನ ವಕೀಲೆ ಶಮೀರಮ್ಮನನ್ನು ಕರೆದಳು. ರೀಟಾಗೆ ರಜೆ ಸಿಗಲಿಲ್ಲ. "ನೀವು ಬನ್ನಿ, ಅಬು ಚೈತನ್ಯಾ. ನಿಮಗೆ ಆಫೀಸು ಗೊತ್ತು," ಎಂದು ಶಮೀರಮ್ಮ ಬಾಗಿಲಿಗೇ ಬಂದು ಕೇಳಿದಳು. ಇಲ್ಲವೆನ್ನಲು ಅವನಲ್ಲಿ ಕಾರಣವಿರಲಿಲ್ಲ. ಬೆಳಿಗ್ಗೆ ರೀಟಾ ಇಬ್ಬರನ್ನೂ ಸೊಲಾನಾ ಬೀಚಿನಲ್ಲಿ ರೈಲು ಹತ್ತಿಸಿದಳು.

ರೈಲು ಸಮುದ್ರದ ದಡ ಹಿಡಿದು ಉತ್ತರಕ್ಕೆ ಹೊರಟಿತು. ಶಮೀರಮ್ಮ ಕಿಟಕಿಯ ಪಕ್ಕ ಕೂತು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಮೊದಲ ಅರ್ಧ ಗಂಟೆ ಕೇಶವಮೂರ್ತಿ ಮೂರು ಸಲ ಬಾಯಿ ತೆರೆದ. ಒಂದು ಸಲ ಟಿಕೆಟ್ ನೋಡುವವನು ಬಂದ. ಒಂದು ಸಲ ಆಕೆಯೇ ರೊಟ್ಟಿ ಮುರಿದು ಕೈಗಿಟ್ಟಳು. ಮೂರನೆಯ ಸಲ ಅಡ್ಡ ಬರುವವರು ಯಾರೂ ಇರಲಿಲ್ಲ.

"ಅರ್ಜಿ ಯಾರು ಬರೆದದ್ದು ಅಂತ ಲಾಯರ್ ಕೇಳಿದರೆ?" ಎಂದ.

"ನಾನು ಅಂತೀನಿ."

"ನೀವಾ?"

"ನಿಮ್ಮ ಹೆಸರು ಬರಬಾರದು ಅಂತ ಅವತ್ತು ಹೇಳಿದ್ದಿರಲ್ಲ. ನಾನು ಮಾತು ಕೊಟ್ಟಿದ್ದೆ." ಆಕೆ ರೊಟ್ಟಿಯ ಚೂರನ್ನು ಬಟ್ಟೆಯಿಂದ ಕೊಡವಿದಳು. "ತಪ್ಪು ನನ್ನ ಅಣ್ಣನದು. ಅದಕ್ಕೆ ನೀವು ಯಾಕೆ ಕಷ್ಟ ಪಡಬೇಕು?"

ಅವನು ಕೈಯಲ್ಲಿದ್ದ ರೊಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

ವಕೀಲೆ ಚಿಕ್ಕ ವಯಸ್ಸಿನವಳು. ಮಿಸ್ ಒರ್ಟೇಗಾ ಎಂದು ಬಾಗಿಲ ಮೇಲೆ ಬರೆದಿತ್ತು. ಮೇಜಿನ ಮೇಲೆ ಫೋನ್ ಇಟ್ಟು ಅರಬ್ಬಿ ದುಭಾಷಿಯೊಬ್ಬನನ್ನು ಸ್ಪೀಕರಿಗೆ ಹಾಕಿದಳು. ಅವಳು ಇಂಗ್ಲಿಷಿನಲ್ಲಿ ಕೇಳುವುದು, ಕಾಣದ ಆ ಮನುಷ್ಯ ಅರಬ್ಬಿಯಲ್ಲಿ ಹೇಳುವುದು, ಶಮೀರಮ್ಮ ಉತ್ತರಿಸುವುದು, ಅವನು ಅದನ್ನು ಇಂಗ್ಲಿಷಿಗೆ ತರುವುದು. ಕೇಶವಮೂರ್ತಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದ.

"ನಿಮ್ಮಣ್ಣನ ರಿಜಿಸ್ಟರಿನ ನಕಲಿನಲ್ಲಿ ಮರ್ಜಾನ್ ಇದೆ. ಸಂದರ್ಶನದಲ್ಲೂ ಅವರು ಮೊದಲು ಹೇಳಿದ್ದು ಮರ್ಜಾನ್. ನಿಮ್ಮ ಅರ್ಜಿಯಲ್ಲಿ ಮಾತ್ರ ಐನ್ ದಲ್ವಾ. ಯಾಕೆ?"

ಶಮೀರಮ್ಮ ಫೋನಿನ ಕಡೆ ಬಗ್ಗಿದಳು. ಮತ್ತೆ ಹೇಳಿ ಎಂದಳು. ದುಭಾಷಿ ಮತ್ತೆ ಹೇಳಿದ. ವಕೀಲೆ ಅರ್ಜಿಯ ಪುಟ ತಿರುಗಿಸಿ ಇಟ್ಟು ಬೆರಳಿಂದ ತೋರಿಸಿದಳು. ಶಮೀರಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದಳು. ಮುಖದಲ್ಲಿ ಏನೂ ತಿಳಿಯಲಿಲ್ಲ.

"ಇದನ್ನು ತುಂಬಿದವರು ಯಾರು?" ಎಂದು ವಕೀಲೆ ಕೇಳಿದಳು. "ಹೆಸರಿನ ಚೌಕ ಖಾಲಿ ಇದೆ."

ಶಮೀರಮ್ಮ ಕನ್ನಡಕ ತೆಗೆದಳು. ಮೂಲೆಯ ಕಡೆ ನೋಡಲಿಲ್ಲ.

"ನಾನೇ," ಎಂದಳು. ಇಂಗ್ಲಿಷಿನಲ್ಲೇ.

"ಹಾಗಾದರೆ ಕಷ್ಟ. ನಿಮ್ಮೂರು ಯಾವುದರಲ್ಲಿದೆ ಅಂತ ನಿಮಗೆ ಗೊತ್ತಿದ್ದೂ ಬೇರೆ ಬರೆದು, ನಿಜ ಅಂತ ರುಜು ಹಾಕಿದ್ದೀರಿ ಅಂತ ಆಗುತ್ತೆ."

ದುಭಾಷಿ ಅದನ್ನು ಅರಬ್ಬಿಯಲ್ಲಿ ಹೇಳಿ ಮುಗಿಸುವ ಮೊದಲೇ ಕೇಶವಮೂರ್ತಿ ಎದ್ದು ನಿಂತಿದ್ದ. ಕಚೇರಿಯಲ್ಲಿ ದೊಡ್ಡ ಸಾಹೇಬರು ಬಂದಾಗ ನಿಲ್ಲುವ ಹಾಗೆ, ಎರಡೂ ಕೈ ಪಕ್ಕಕ್ಕೆ ಇಟ್ಟುಕೊಂಡು.

"ಬರೆದದ್ದು ನಾನು, ಮೇಡಂ."

"ನೀವು ಅವರ ಸಂಬಂಧಿಕರೇ?"

"ಪಕ್ಕದ ಮನೆಯವನು."

"ಅವರು ಐನ್ ದಲ್ವಾ ಅಂತ ಬರೆಯಿರಿ ಅಂದರೇ?"

"ಇಲ್ಲ. ಮರ್ಜಾನ್ ಅಂದಿದ್ದರು. ನಾನು ಅಳಿಸಿ ಬರೆದೆ. ಈಗಿನ ಪಟ್ಟಿಯಲ್ಲಿ ಹಾಗಿತ್ತು. ಸರಿ ಇರಲಿ ಅಂತ."

"ಬದಲಾಯಿಸಿದ್ದು ಅವರಿಗೆ ಹೇಳಿದಿರಾ?"

"ಇಲ್ಲ."

"ತಪ್ಪಾಗಿದೆ ಅಂತ ನಿಮಗೆ ಯಾವಾಗ ಗೊತ್ತಾಯಿತು?"

ಅಷ್ಟರವರೆಗೆ ಅವನು ವಕೀಲೆಯ ಮೇಜಿನ ಅಂಚನ್ನು ನೋಡುತ್ತ ಉತ್ತರಿಸುತ್ತಿದ್ದ. ಈಗ ಆ ಅಂಚೂ ಕಾಣಲಿಲ್ಲ.

"ಅಕ್ಟೋಬರಿನಲ್ಲಿ."

"ಇದು ಫೆಬ್ರವರಿ," ಎಂದಳು ವಕೀಲೆ. ಗದರಿಸಲಿಲ್ಲ. ಬರೆದುಕೊಂಡಳು ಅಷ್ಟೆ.

ಅವನ ಒಂದೊಂದು ಉತ್ತರವನ್ನೂ ಫೋನಿನ ಮನುಷ್ಯ ಬಿಡದೆ ಅರಬ್ಬಿಗೆ ತರುತ್ತಿದ್ದ. ಏರಿಳಿತವಿಲ್ಲದ, ದಣಿದ ದನಿ. ಶಮೀರಮ್ಮನಿಗೆ ವಿಷಯ ಗೊತ್ತಾದದ್ದು ಆ ದನಿಯಿಂದ. ಆಕೆ ಫೋನನ್ನೇ ನೋಡುತ್ತಿದ್ದಳು, ತಪ್ಪೆಲ್ಲ ಅದು ಮಾಡಿದ ಹಾಗೆ. ಅಕ್ಟೋಬರ್ ಎಂಬ ಮಾತು ಬಂದಾಗ ಮಾತ್ರ ಅವನ ಕಡೆ ತಿರುಗಿದಳು. ಅವನಿಗೆ ತಾನು ಬೇಲಿಯ ಹತ್ತಿರ ಹೇಳಿದ ಮಾತು ನೆನಪಾಯಿತು. ಆಕೆಗೂ ಅದೇ ನೆನಪಾಗುತ್ತಿದೆಯೆಂದು ಗೊತ್ತಾಯಿತು.

ಹೇಳಿಕೆಯನ್ನು ಟೈಪು ಮಾಡಿಸಿದರು. ಇಂಥವನಾದ ನಾನು, ಅರ್ಜಿದಾರಳು ಹೇಳಿದ್ದನ್ನು ಅವಳಿಗೆ ತಿಳಿಸದೆ ಬದಲಾಯಿಸಿದ್ದೇನೆ, ಅವಳಿಗಾಗಲಿ ಅವಳ ಅಣ್ಣನಿಗಾಗಲಿ ಇದರಲ್ಲಿ ಯಾವ ಪಾಲೂ ಇಲ್ಲ. ಕೇಶವಮೂರ್ತಿ ಪೂರ್ತಿ ಓದಿದ. ಚೈತನ್ಯಾಳ ಮನೆಯ ವಿಳಾಸ ಬರೆದು, ಗ್ರೀನ್ ಕಾರ್ಡ್ ತೆಗೆದು ನಂಬರು ಕೊಟ್ಟು, ರುಜು ಹಾಕಿದ.

"ಇದರಿಂದ ಅವರ ಕೇಸು ಸರಿಹೋಗುತ್ತಾ ಮೇಡಂ?"

"ಕಳಿಸ್ತೀನಿ. ಮತ್ತೆ ಕರೀಬೇಕು ಅವರನ್ನು. ಯಾವಾಗ ಕರೀತಾರೆ ಅಂತ ನನ್ನ ಕೈಲಿಲ್ಲ. ಅಕ್ಟೋಬರಿನಲ್ಲೇ ಬಂದಿದ್ದರೆ ಇಷ್ಟು ಹೊತ್ತಿಗೆ ತಲುಪಿರುತ್ತಿತ್ತು."

ಸ್ಟೇಷನ್ನಿಗೆ ಟ್ಯಾಕ್ಸಿಯಲ್ಲಿ ಹೋದರು. ರೈಲಿನಲ್ಲಿ ಅವನು ಬೇರೆ ಸಾಲಿನಲ್ಲಿ ಕೂರಲು ಹೋದಾಗ ಆಕೆ ಎದುರಿನ ಸೀಟು ತೋರಿಸಿದಳು. ಕೂತ. ಊರಿನ ಹಿಂಭಾಗಗಳು, ಗೋದಾಮುಗಳು, ಒಣಗಿದ ಹೊಳೆಯ ಸಿಮೆಂಟಿನ ಪಾತ್ರ ಹಿಂದಕ್ಕೆ ಹೋದವು.

"ಕೇಳಬಹುದಿತ್ತಲ್ಲ ನನ್ನ," ಎಂದಳು. "ಐನ್ ದಲ್ವಾದ ಮುದೀರ್ ನಮ್ಮೂರಿಗೆ ಒಂದು ಸಲವೂ ಬರಲಿಲ್ಲ. ಆ ಹೆಸರು ಹಾಕಿದ ಕಾಗದ ನಮ್ಮೂರಲ್ಲಿ ಯಾರ ಮನೆಯಲ್ಲೂ ಇಲ್ಲ. ಕೇಳಿದ್ದರೆ ಇಷ್ಟೇ ಹೇಳ್ತಿದ್ದೆ."

"ಕೇಳಬೇಕಿತ್ತು."

"ನಾನು ಅವನನ್ನು ಕತ್ತೆ ಅಂದೆ. ನಾಲ್ಕು ತಿಂಗಳು. ಪ್ರತಿ ಭಾನುವಾರ. ನೀವು ಆ ಕಡೆ ಇದ್ದಿರಿ."

ಆಕೆ ಚೀಲದಿಂದ ಫೋನ್ ತೆಗೆದು ಒತ್ತಿದಳು. ಅಮ್ಮಾನ್‌ನಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. ಹಿಕ್ಮತ್ ಫೋನಿನ ಪಕ್ಕದಲ್ಲೇ ಕೂತಿದ್ದಿರಬೇಕು, ಒಂದೇ ರಿಂಗಿಗೆ ಎತ್ತಿದ. ಆಕೆ ಏನೋ ಎರಡು ಮಾತು ಹೇಳಿ ಸ್ಪೀಕರಿಗೆ ಹಾಕಿದಳು. ಮುದುಕನ ದನಿ, ಸ್ವಲ್ಪ ಕೆಮ್ಮು, ಆಮೇಲೆ ತಡೆಯಿಲ್ಲದೆ ಬಂದ ಮಾತು. ಆ ಮಾತಿನಲ್ಲಿ ಒಂದು ವಿನಯವಿತ್ತು, ಕಚೇರಿಯ ಕಟಕಟೆಯ ಮುಂದೆ ನಿಂತವರದು. ಕೇಶವಮೂರ್ತಿ ಅದನ್ನು ಎಲ್ಲಿ ಕೇಳಿದರೂ ಗುರುತು ಹಿಡಿಯುತ್ತಿದ್ದ.

"ನಿಮ್ಮ ಹತ್ತಿರ ಕ್ಷಮೆ ಕೇಳ್ತಿದಾನೆ," ಎಂದಳು ಶಮೀರಮ್ಮ. "ತನ್ನಿಂದ ನಿಮಗೆ ಇಷ್ಟು ದೂರ ಓಡಾಟ ಆಯಿತಂತೆ. ಆಫೀಸರ್ ಕಾಗದ ತೋರಿಸಿದಾಗ, ಅಮೆರಿಕದಲ್ಲಿ ತಿಳಿದವರು ಬರೆದದ್ದು ಸರಿಯೇ ಇರುತ್ತೆ, ನನಗೇ ಮರೆವು ಅಂದುಬಿಟ್ಟನಂತೆ. ಹಾಗೆ ಅನ್ನಬಾರದಿತ್ತು, ಅಂತಿದಾನೆ."

ಕೇಶವಮೂರ್ತಿ ತಲೆ ತಗ್ಗಿಸಿದ. "ನನ್ನ ತಪ್ಪು ಅಂತ ಹೇಳಿ ಅವರಿಗೆ."

"ನಾನು ಹೇಳಲ್ಲ. ನೀವೇ ಹೇಳಿ."

"ನನಗೆ ಅವರ ಭಾಷೆ ಬರಲ್ಲ."

"ಹೇಳಿ," ಎಂದು ಆಕೆ ಫೋನನ್ನು ಅವನ ಕೈಗೆ ಕೊಟ್ಟಳು.

ಅವನು ಎರಡು ಕೈಯಲ್ಲೂ ಹಿಡಿದುಕೊಂಡ. ಇಂಗ್ಲಿಷು ಆ ಹೊತ್ತಿಗೆ ಬರಲಿಲ್ಲ. "ಹಿಕ್ಮತ್ ಅವರೇ," ಎಂದ ಕನ್ನಡದಲ್ಲಿ, "ನೀವು ಏನೂ ಮರೆತಿಲ್ಲ. ಅಳಿಸಿದ್ದು ನಾನು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ತಪ್ಪಾಯ್ತು."

ಆ ಕಡೆ ಹಿಕ್ಮತ್ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ತಂಗಿಯನ್ನು ಏನೋ ಕೇಳಿದ. ಶಮೀರಮ್ಮ ಕಿಟಕಿಯ ಹೊರಗೆ ನೋಡುತ್ತ, ಅವನ ಕೈಯಲ್ಲಿದ್ದ ಫೋನಿಗೆ ಕೇಳುವಷ್ಟು ಗಟ್ಟಿಯಾಗಿ, ಹೇಳತೊಡಗಿದಳು. ಕೇಶವಮೂರ್ತಿ ಹೇಳಿದ್ದು ನಾಲ್ಕು ಮಾತು. ಆಕೆ ಹೇಳಿದ್ದು ಎರಡು ಸ್ಟೇಷನ್ ದಾಟುವವರೆಗೂ ಮುಗಿಯಲಿಲ್ಲ. ಏನನ್ನು ಸೇರಿಸಿದಳೋ, ಏನನ್ನು ಬಿಟ್ಟಳೋ ಅವನಿಗೆ ತಿಳಿಯಲಿಲ್ಲ. ಕೇಳುವ ಹಕ್ಕು ತನಗಿಲ್ಲವೆಂದು ಕೇಳಲೂ ಇಲ್ಲ. ಆಕೆ ನಿಲ್ಲಿಸಿದ ಮೇಲೆ ಹಿಕ್ಮತ್ ಒಂದು ಸಣ್ಣ ಪ್ರಶ್ನೆ ಕೇಳಿದ.

"ಹಾಗಾದರೆ ನಾನು ಹೇಳಿದ್ದು ಸರಿಯಿತ್ತಾ ಅಂತ ಕೇಳ್ತಿದಾನೆ," ಎಂದಳು ಶಮೀರಮ್ಮ. "ನಿಮ್ಮನ್ನು."

"ಮರ್ಜಾನ್," ಎಂದ ಕೇಶವಮೂರ್ತಿ ಫೋನಿಗೆ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ತಿರುಗಿ ನೋಡಿದಳು. ಕರೆ ಕಡಿದಿರಲಿಲ್ಲ, ಕೆಮ್ಮು ಕೇಳುತ್ತಿತ್ತು. ಶಮೀರಮ್ಮ ಫೋನನ್ನು ಹಿಂದಕ್ಕೆ ಕೇಳಲಿಲ್ಲ. ಅವನೂ ಕೊಡಲಿಲ್ಲ.